ಹಳದಿ ಹಲಗೆಯ ವಿನೋದಿನಿ ಬಂಗೇರ

ವಿನೋದಿನಿ ಬಂಗೇರರು ಯಾವ ಕಾಗದವನ್ನೇ ಆಗಲಿ ಕುಳಿತು ಓದಿದ್ದನ್ನು ನಾನು ಕಂಡವನಲ್ಲ. ಮದುವೆಯ ಆಮಂತ್ರಣವಿರಲಿ, ಔಷಧದ ಡಬ್ಬಿಯೊಳಗೆ ಮಡಿಕೆ ಮಡಿಕೆಯಾಗಿ ಅಡಗಿರುವ ಚೀಟಿಯಿರಲಿ, ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿ ನೀರಿನ ವೇಳೆಯ ಬಗ್ಗೆ ಹೊರಡಿಸುವ ಘನಗಂಭೀರ ಸುತ್ತೋಲೆಯಿರಲಿ, ಕೈಗೆ ಬಂದೊಡನೆ ಎದ್ದು ನಿಲ್ಲುವರು. ಚೀಲದಿಂದ ಅಂಟುಪಟ್ಟಿ ತೆಗೆದು ಅದನ್ನು ಗೋಡೆಗೆ ಮೆತ್ತಿ, ಎರಡು ಹೆಜ್ಜೆ ಹಿಂದೆ ಸರಿದು, ಎಡಗೈಯಲ್ಲಿ ಕಾಣದ ವಸ್ತುವೊಂದನ್ನು ಹಿಡಿದವರಂತೆ ಮುಷ್ಟಿ ಕಟ್ಟಿಕೊಂಡು, ಒಂದು ಕಣ್ಣನ್ನು ಅರೆಮುಚ್ಚಿ ಓದುವರು. ಮೊದಲ ಸಲ ಮುಂಬಯಿಯ ಬೊರಿವಲಿಯ ನಮ್ಮ ಮನೆಗೆ ಬಂದಾಗ ನನ್ನ ಮಗಳ ಮದುವೆಯ ಕರೆಯೋಲೆಗೂ ಇದೇ ಗತಿಯಾಯಿತು. ಆ ಒಕ್ಕಣೆಯನ್ನು ರಚಿಸಲು ನಾನು ಎರಡು ವಾರ ತಿಣುಕಿದ್ದೆ. ವಿನೋದಿನಿಯವರು ಅದನ್ನು ಬಾಗಿಲ ಪಕ್ಕದ ಗೋಡೆಗೆ ಹಚ್ಚಿ ನೋಡಿ, "ಹಾಲ್ ಎಲ್ಲಿ ಅಂತ ಹುಡುಕ್ಲಿಕ್ಕೆ ನಂಗೆ ಇಷ್ಟೊತ್ತು ಬೇಕಾಯ್ತು ಮಾಸ್ಟ್ರೇ. ರಿಕ್ಷಾದಲ್ಲಿ ಕೂತವರಿಗೆ ಬೇಕಾದ್ದು ಅದೊಂದೇ ಅಲ್ವಾ? ಗಣಪತಿಯನ್ನು ಇಷ್ಟು ದೊಡ್ಡದು ಮಾಡಿದ್ದೀರಿ, ಅವನು ಬಂದು ದಾರಿ ತೋರಿಸ್ತಾನಾ?" ಎಂದರು. ನನ್ನ ಹೆಂಡತಿ ನಗುವನ್ನು ಮುಚ್ಚಿಕೊಳ್ಳಲು ಅಡುಗೆಮನೆಗೆ ಓಡಿದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಅವರು ದಹಿಸರದ ಒಂದು ಲಿಫ್ಟ್ ಕಂಪನಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಟೆಕ್ನಿಕಲ್ ರೈಟರ್. ಯಂತ್ರದ ಜೊತೆಗೆ ಬರುವ, ನಾವಾರೂ ಓದದೆ ಕಪಾಟಿನ ತಲೆಯ ಮೇಲೆ ಎಸೆಯುವ ಆ ಚಿಕ್ಕ ಪುಸ್ತಕವನ್ನು ಯಾರೋ ಒಬ್ಬರು ಬೆವರು ಸುರಿಸಿ ಬರೆದಿರುತ್ತಾರೆಂಬ ಸತ್ಯ, ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಗದ್ಯಪದ್ಯ ಬೋಧಿಸಿ ನಿವೃತ್ತನಾದ ನನ್ನಂಥ ಪಂಡಿತಮ್ಮನ್ಯನಿಗೆ ಅರವತ್ತು ದಾಟುವವರೆಗೆ ಹೊಳೆದಿರಲಿಲ್ಲ. ಕರೆಂಟು ಹೋಗಿ ಲಿಫ್ಟು ಎರಡು ಮಹಡಿಗಳ ನಡುವೆ ನಿಂತಾಗ, ಟೆರೇಸಿನ ಮೇಲಿನ ಲಿಫ್ಟ್ ರೂಮಿಗೆ ಓಡಿಹೋದ ಮನುಷ್ಯ ಒಳಗೆ ಸಿಕ್ಕವರನ್ನು ಕ್ಷೇಮವಾಗಿ ಇಳಿಸಲು ಏನೇನು ಮಾಡಬೇಕೆಂಬುದನ್ನು ಹೇಳುವ ಹಲಗೆಯೊಂದು ಅಲ್ಲಿ ಯಂತ್ರದ ಎದುರಿಗೆ ನೇತಾಡುತ್ತಿರುತ್ತದೆ. ಹಳದಿ ನೆಲ, ಕಪ್ಪು ಅಕ್ಷರ, ಐದೇ ಸಾಲು. ಮೊದಲು ಮುಖ್ಯ ಸ್ವಿಚ್ಚು ಆರಿಸು, ಆಮೇಲೆ ಬ್ರೇಕಿನ ಹಿಡಿಕೆ ಸಡಿಲಿಸು, ಚಕ್ರ ತಿರುಗಿಸು, ಹೀಗೆ. ಆ ಮಾತನ್ನು ಬರೆದವರು ವಿನೋದಿನಿ. ಅಕ್ಷರ ಎಷ್ಟು ದಪ್ಪ, ಸಾಲುಗಳ ನಡುವೆ ಎಷ್ಟು ಬಯಲು, ಮೊಳೆ ನೆಲದಿಂದ ಎಷ್ಟು ಎತ್ತರ ಎಂಬುದನ್ನೆಲ್ಲ ತೀರ್ಮಾನಿಸಿದವರೂ ಅವರೇ. "ನನ್ನ ಓದುಗರು ಯಾರೂ ಕುರ್ಚಿಯಲ್ಲಿ ಇರುವುದಿಲ್ಲ ಮಾಸ್ಟ್ರೇ. ಒಂದು ಕೈಯಲ್ಲಿ ಮೊಬೈಲಿನ ಬೆಳಕು, ಇನ್ನೊಂದು ಕೈಯಲ್ಲಿ ಹಿಡಿಕೆ, ಕೆಳಗಿಂದ ಜನರ ಬೊಬ್ಬೆ. ಅವನು ನಿಂತು ಓದುವುದು. ನಾನು ಕೂತು ಓದಿದ್ರೆ ನಂಗೆ ಎಂತ ಗೊತ್ತಾಗ್ತದೆ?"

ಐವತ್ತಾರರ ಪ್ರಾಯ. ಕುಳ್ಳು ದೇಹ, ಗಿಡ್ಡ ಕತ್ತು, ಎಡಕ್ಕೆ ಒಂದಿಷ್ಟು ವಾಲಿದ ನಡಿಗೆ. ಲೋಕಲ್ ಹಿಡಿಯಲು ಓಡುವವರ ನಡುವೆಯೂ ತಮ್ಮದೇ ಲಯದಲ್ಲಿ ದಬದಬನೆ ಹೆಜ್ಜೆಯಿಡುತ್ತ, ಸ್ಟೇಷನ್ನಿನ ಪ್ರತಿಯೊಂದು ಬೋರ್ಡಿಗೂ ಅದರ ಯೋಗ್ಯತೆಗೆ ತಕ್ಕ ಬೈಗುಳವನ್ನು ತುಳುವಿನಲ್ಲಿ ಹಂಚುತ್ತ ಸಾಗುವರು. ಸೀರೆಯ ಮೇಲೆ ಸದಾ ಒಂದು ಬೂದುಬಣ್ಣದ ವರ್ಕ್‌ಶಾಪಿನ ಕೋಟು. ಆಫೀಸಿನ ಹವಾನಿಯಂತ್ರಿತ ಮಹಡಿಗೆ ಅದು ಶೋಭಿಸುವುದಿಲ್ಲವೆಂದು ಮೂರು ಸಲ ಲಿಖಿತವಾಗಿ ತಿಳಿಸಲಾಗಿದೆಯಂತೆ. ಮೂರು ಪತ್ರಗಳಲ್ಲೂ ಮುಖ್ಯ ವಿಷಯ ಎರಡನೆಯ ಪುಟದಲ್ಲಿದ್ದುದರಿಂದ ತಾನು ಅಲ್ಲಿಯವರೆಗೆ ಓದಲಿಲ್ಲ ಎಂದು ಉತ್ತರ ಕೊಟ್ಟರಂತೆ. ಕೋಟಿನ ಜೇಬಿನಲ್ಲಿ ಗ್ರೀಸು ಮೆತ್ತಿದ ಒಂದು ಹತ್ತಿಯ ಕೈಗವಸು. ಹೊಸ ಕೈಪಿಡಿಯ ಕರಡು ಬಂದಾಗ ಅದನ್ನು ತೊಟ್ಟೇ ಹಾಳೆ ತಿರುವುವರು. ಹಾಳೆ ತಿರುಗದಿದ್ದರೆ, ಕಾಗದ ಕಪ್ಪಾಗಿ ಅಕ್ಷರ ಮಾಸಿದರೆ, ಆ ಕರಡು ಅಲ್ಲಿಗೆ ತಿರಸ್ಕೃತ.

ಇಷ್ಟೊಂದು ನಿಷ್ಠುರತೆಯ ಹಿಂದೆ ಒಂದು ಹಳೆಯ ಗಾಯವಿರಬೇಕೆಂದು ನನ್ನ ಸಾಹಿತ್ಯಬುದ್ಧಿ ಹೇಳುತ್ತಿತ್ತು. ಅವರ ತಂದೆ ಮೋನಪ್ಪ ಬಂಗೇರರು ಕಾಪುವಿನ ಕಡೆಯಿಂದ ಬಂದು ಸಾಂತಾಕ್ರೂಜಿನ ಹೋಟೆಲೊಂದರಲ್ಲಿ ದೋಸೆಕಾವಲಿಯ ಮುಂದೆ ಆಯುಷ್ಯ ಸವೆಸಿದವರು. ಅಲ್ಲಿನ ರುಬ್ಬುವ ಯಂತ್ರಕ್ಕೆ ಯಾರದಾದರೂ ಕೈ ಸಿಕ್ಕಿತ್ತೇ, ಓದಲು ಬಾರದೆ ಯಾರಾದರೂ ಕೆಟ್ಟರೇ ಎಂದು ಸುತ್ತಿ ಬಳಸಿ ಕೇಳಿದೆ. ವಿನೋದಿನಿಯವರು ನನ್ನನ್ನೇ ದಿಟ್ಟಿಸಿ ನೋಡಿ, "ಕತೆ ಹುಡುಕ್ತಾ ಇದ್ದೀರಾ? ಎಂತದೂ ಇಲ್ಲ ಮಾರಾಯ್ರೆ. ಅಪ್ಪನ ಹತ್ತು ಬೆರಳೂ ಗಟ್ಟಿ ಉಂಟು, ಈಗಲೂ ಊರಲ್ಲಿ ಮೀನು ಹೆಚ್ತಾರೆ. ನಾನು ಕೆಲಸ ಕಲ್ತೆ, ಕಲ್ತ ಹಾಗೆ ಮಾಡ್ತೇನೆ. ಅದಕ್ಕೆ ಯಾರಾದ್ರೂ ಸಾಯ್ಬೇಕಾ?" ಎಂದುಬಿಟ್ಟರು.

ಅವರು ನನ್ನನ್ನು ಹುಡುಕಿಕೊಂಡು ಬಂದದ್ದು ಹಲಗೆಯ ಇಂಗ್ಲಿಷ್ ಸಾಲುಗಳ ಕೆಳಗೆ ಕನ್ನಡವನ್ನೂ ಬರೆಸಲು. ಬೊರಿವಲಿಯಿಂದ ದಹಿಸರದವರೆಗಿನ ಕಟ್ಟಡಗಳಲ್ಲಿ ಅವರ ಕಂಪನಿಯ ಲಿಫ್ಟುಗಳಿರುವೆಡೆಯಲ್ಲೆಲ್ಲ ವಾಚ್‌ಮನ್‌ಗಳು ಬಹುಪಾಲು ಕಲಬುರಗಿ, ವಿಜಯಪುರ ಕಡೆಯವರು. ಲಿಫ್ಟು ನಿಂತರೆ ಮೆಕ್ಯಾನಿಕ್ ಬರುವತನಕ ಕಾಯುವ ಸಹನೆ ಈ ಊರಿನಲ್ಲಿ ಯಾರಿಗಿದೆ? ಕಂಪನಿಯವರೇ ಆ ಕೆಲಸವನ್ನು ವಾಚ್‌ಮನ್‌ಗಳಿಗೆ ಕಲಿಸಿ ಬಿಟ್ಟಿರುತ್ತಾರೆ. ನಾನು ಒಪ್ಪಿ, "ವಿದ್ಯುತ್ಪ್ರವಾಹವು ಆಕಸ್ಮಿಕವಾಗಿ ಸ್ಥಗಿತಗೊಂಡ ಸಂದರ್ಭದಲ್ಲಿ" ಎಂದು ಆರಂಭಿಸಿ ನಾಲ್ಕು ಸಾಲು ಹರಿಯುವ ಒಂದು ಭವ್ಯ ವಾಕ್ಯವನ್ನು ಬರೆದುಕೊಟ್ಟೆ. ಅದನ್ನು ಒಯ್ದು ಅವರು ದಹಿಸರದ ಸೊಸೈಟಿಯೊಂದರ ವಾಚ್‌ಮನ್ ಅಣವೀರಪ್ಪನ ಮುಂದೆ ಹಿಡಿದರು, ನನ್ನೆದುರಿನಲ್ಲೇ. ಅಫಜಲಪುರದ ಕಡೆಯ ಈ ಅಣವೀರಪ್ಪ ಎಂಟು ವರ್ಷಗಳಿಂದ ಅವರ ಖಾಯಂ ಪರೀಕ್ಷಕ. ಅವನು ಓದಿ, ಓದಿದಂತೆ ಮಾಡಿ ತೋರಿಸದೆ ಅವರ ಯಾವ ಹಾಳೆಯೂ ಅಚ್ಚಿಗೆ ಹೋಗುತ್ತಿರಲಿಲ್ಲ. ಅವನು ನನ್ನ ವಾಕ್ಯದ ಎರಡನೆಯ ಸಾಲಿನಲ್ಲಿ ಬೆರಳಿಟ್ಟು ನಿಂತ. "ಮಾಸ್ತರ್ರ, ಓದಲಿಕ್ಕ ಭಾಳ ಚಂದ ಅದ ನೋಡ್ರಿ. ಖರೇ, ಇದು ಮುಗಿಯೋತನ ಲಿಫ್ಟಿನಾಗಿನ ಮಂದಿ ಇರ್ತಾರೇನ್ರೀ?" ವಿನೋದಿನಿಯವರು ನನ್ನ ಕೈಗೆ ಪೆನ್ನು ಕೊಟ್ಟರು. ನಾಲ್ಕು ಸಾಲನ್ನು ನಾಲ್ಕು ಶಬ್ದಕ್ಕೆ ಇಳಿಸಿದೆ.

ಹೋದ ವರ್ಷ ಕಂಪನಿಗೆ ಹೊಸ ವಿಭಾಗವೊಂದು ಬಂತು. ಕಂಪನಿಯಿಂದ ಹೊರಬೀಳುವ ಪ್ರತಿಯೊಂದು ಕಾಗದಕ್ಕೂ ಒಂದೇ ರೂಪ, ಒಂದೇ ಬಣ್ಣ, ಒಂದೇ ಮುಗುಳ್ನಗೆ ಇರಬೇಕೆಂಬುದು ಅದರ ಧರ್ಮ. ಅದರ ಮುಖ್ಯಸ್ಥೆಯಾಗಿ ಬಂದವಳು ಲಾವಣ್ಯಾ. ಉಡುಪಿ ಮೂಲದ, ಮುಂಬಯಿಯಲ್ಲೇ ಹುಟ್ಟಿ ಬೆಳೆದ, ಮೂವತ್ತರ ಚುರುಕು ಹುಡುಗಿ. ಕನ್ನಡ ಅರ್ಥವಾಗುತ್ತದೆ, ಆಡಹೋದರೆ ಎಡವುತ್ತಾಳೆ. ಒಂದೇ ತಿಂಗಳಲ್ಲಿ ಹಳದಿ ಹಲಗೆಯನ್ನು ಅವಳು ಹೊಸದಾಗಿ ಮಾಡಿ ತಂದಳು. ಮೇಲೆ ನೀಲಿಯ ಪಟ್ಟಿ, ಅದರಲ್ಲಿ ಲಿಫ್ಟಿನಿಂದ ನಗುನಗುತ್ತ ಹೊರಬರುವ ಗಂಡ, ಹೆಂಡತಿ, ಮಗು. ಕೆಳಗೆ ಬಿಳಿಯ ನೆಲದ ಮೇಲೆ ತೆಳು ಬೂದು ಅಕ್ಷರಗಳಲ್ಲಿ ನಾಲ್ಕು ಹೆಜ್ಜೆ. ಮುಖ್ಯ ಸ್ವಿಚ್ಚು ಆರಿಸುವ ಮಾತು ಎಚ್ಚರಿಕೆಯ ಮಾತಾದ್ದರಿಂದ ಅದನ್ನು ಉಳಿದ ಎಚ್ಚರಿಕೆಗಳೊಡನೆ, ಚೊಕ್ಕಟವಾಗಿರಲೆಂದು, ಹಲಗೆಯ ಬುಡದಲ್ಲಿ ಒಂದು ಪೆಟ್ಟಿಗೆಯೊಳಗೆ ಹಾಕಲಾಗಿತ್ತು.

"ಮೂಗಿಗಿಂತ ಮೂಗುತಿ ಭಾರ ಆಯ್ತು," ಎಂದರು ವಿನೋದಿನಿ.

ಲಾವಣ್ಯಾ ಮುಖ ಕೆಂಪಾಗಿಸಿಕೊಂಡು, "ಮ್ಯಾಮ್, ನಿಮ್ಮ ಒಂದು ವರ್ಡ್ ಕೂಡ ಚೇಂಜ್ ಮಾಡಿಲ್ಲ. ದೇಖೋ ನಾ. ವರ್ಡ್ಸ್ ನಿಮ್ದು, ಲುಕ್ ಹಮಾರಾ. ದಟ್ ಈಸ್ ಫೇರ್," ಎಂದಳು.

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಒಂದು ಶಬ್ದವೂ ಬದಲಾಗಿರಲಿಲ್ಲ. ವಿನೋದಿನಿಯವರ ಸಿಟ್ಟು ಉಕ್ಕಿದ್ದೇ ಅಲ್ಲಿ. "ಮಾತು ಬೇರೆ, ಅದು ಕಾಣುವ ರೀತಿ ಬೇರೆ ಅಂತ ಯಾರು ಹೇಳಿದ್ದು ನಿಂಗೆ? ಅವನು ಪೂರ್ತಿ ಓದಿ ಆಮೇಲೆ ಮಾಡುವುದಲ್ಲ ಮಗಾ, ಓದ್ತಾ ಓದ್ತಾ ಮಾಡುವುದು. ಮೇಲೆ ಬ್ರೇಕು ಸಡಿಲಿಸು ಅಂತ ಕಂಡ್ರೆ ಸಡಿಲಿಸ್ತಾನೆ. ಚಕ್ರಕ್ಕೆ ಕೈ ಹಾಕ್ತಾನೆ. ಅಷ್ಟೊತ್ತಿಗೆ ಕರೆಂಟು ಬಂತು ಅಂದ್ರೆ ಚಕ್ರ ತಿರುಗ್ತದೆ, ಅವನ ಕೈಯೂ ಅದರ ಒಟ್ಟಿಗೇ ಹೋಗ್ತದೆ. ಬುಡದಲ್ಲಿ ಬರೆದದ್ದನ್ನು ಓದ್ಲಿಕ್ಕೆ ಅವನಿಗೆ ಪುರುಸೊತ್ತು ಎಲ್ಲಿಂದ?"

ಆ ಕಂಪನಿಯಲ್ಲಿ ಒಂದು ನಿಯಮವುಂಟು. ಹಲಗೆಯ ಮೂಲಪ್ರತಿಯ ಮೇಲೆ ಅದನ್ನು ತಯಾರಿಸಿದವರು ಸಹಿ ಮಾಡಬೇಕು, ಅನುವಾದಿಸಿದವರೂ ಮಾಡಬೇಕು. ಸಹಿಯಿಲ್ಲದ ಹಲಗೆ ಕಾರ್ಖಾನೆಯ ಬಾಗಿಲು ದಾಟುವಂತಿಲ್ಲ. ವಿನೋದಿನಿಯವರು ಸಹಿ ಹಾಕಲಿಲ್ಲ. ಮಾಲೀಕರು ಕರೆಸಿ ಸಮಾಧಾನ ಹೇಳಿದರು, ಆಮೇಲೆ ಗದರಿಸಿದರು, ಕೊನೆಗೆ ಶುಕ್ರವಾರದೊಳಗೆ ಸಹಿಯಾಗದಿದ್ದರೆ ಬರವಣಿಗೆಯ ಕೆಲಸದಿಂದ ಬಿಡಿಸಿ ಬಿಡಿಭಾಗಗಳ ಗೋದಾಮಿಗೆ ಹಾಕುವುದಾಗಿ ಹೇಳಿದರು. ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದವರು. ತಲೆ ಗಟ್ಟಿಯಿದೆಯೆಂದು ಬಂಡೆಗೆ ಹಾಯಬಾರದೆಂದು ನಾನೂ ಹಿತವಚನ ನುಡಿದೆ. ನಾಚಿಕೆಯಿಂದಲೇ ಹೇಳುತ್ತೇನೆ, ನನ್ನ ಪಾಲಿನ ಸಹಿಯನ್ನು ಹಾಕಿ ಕೈತೊಳೆದುಕೊಳ್ಳುವ ಮನಸ್ಸು ನನಗಿತ್ತು. ವಿನೋದಿನಿಯವರು ಕೇಳಿದ್ದು ಒಂದೇ: ಹವಾನಿಯಂತ್ರಿತ ಕೋಣೆಯಲ್ಲಿ ವಾದ ಬೇಡ, ಹೊಸ ಹಲಗೆಯನ್ನು ಲಿಫ್ಟ್ ರೂಮಿನಲ್ಲೇ ಪರೀಕ್ಷಿಸೋಣ. ಮಾಲೀಕರು ಒಪ್ಪಿದರು.

ಗುರುವಾರ ನಡುಮಧ್ಯಾಹ್ನ ವಿನೋದಿನಿ, ಲಾವಣ್ಯಾ, ನಾನು ಅಣವೀರಪ್ಪನ ಸೊಸೈಟಿಯ ಟೆರೇಸು ಹತ್ತಿದೆವು. ತಗಡಿನ ಬಾಗಿಲ ಹಿಂದಿನ ಆ ಗೂಡಿನಲ್ಲಿ ಉಸಿರು ಕಟ್ಟುವ ಸೆಕೆ, ಎಣ್ಣೆಯ ಕಮಟು, ಬೆಳಕಿಗೆ ಒಂದೇ ಕಿಂಡಿ. ಖಾಲಿ ಲಿಫ್ಟನ್ನು ನಡುವೆ ನಿಲ್ಲಿಸಿ, ಎಲ್ಲ ಮಹಡಿಗಳ ಬಾಗಿಲು ಮುಚ್ಚಿಸಿ, ಲಾವಣ್ಯಾಳ ನೀಲಿ ಹಲಗೆಯನ್ನು ಮೊಳೆಗೆ ತೂಗುಹಾಕಿದರು. ಅಣವೀರಪ್ಪ ಒಳಗೆ ಬಂದ, ಹಲಗೆಯ ಕಡೆ ಕಣ್ಣು ಹಾಯಿಸಿದ, ಸೀದಾ ಹೋಗಿ ಮುಖ್ಯ ಸ್ವಿಚ್ಚು ಆರಿಸಿದ, ಬ್ರೇಕು ಸಡಿಲಿಸಿದ, ಚಕ್ರ ತಿರುಗಿಸಿ ಲಿಫ್ಟನ್ನು ಮಹಡಿಯ ಮಟ್ಟಕ್ಕೆ ತಂದು ನಿಲ್ಲಿಸಿದ. ಎಲ್ಲವೂ ಕ್ರಮವಾಗಿ, ತಪ್ಪಿಲ್ಲದೆ, ಮೂರು ನಿಮಿಷದಲ್ಲಿ.

"ಸೀ!" ಎಂದಳು ಲಾವಣ್ಯಾ.

ವಿನೋದಿನಿಯವರು ಮಾತ್ರ ಅಣವೀರಪ್ಪನನ್ನು ಕೇಳಿದರು: "ಹಲಗೆಯಲ್ಲಿ ಎಂತ ಬರ್ದಿತ್ತು, ಹೇಳು ನೋಡುವ."

ಅವನು ತಲೆ ಕೆರೆದುಕೊಂಡ. "ಓದಿಲ್ರೀ ಅಕ್ಕಾರ. ಎಂಟು ವರ್ಷಾತು, ನೀವೇ ಮಾಡಿಸಿ ಮಾಡಿಸಿ ಬಾಯಿಪಾಠ ಆಗ್ಯಾದ. ಇನ್ನೇನ್ ಓದೂದ್ರಿ ಅದರಾಗ?"

ಅವರು ಹಣೆ ಹಣೆ ಚಚ್ಚಿಕೊಂಡರು. ಅವರ ಕಸುಬಿನವರೊಬ್ಬರಷ್ಟೇ ಮಾಡಬಲ್ಲ ತಪ್ಪು ಅದು: ಒಬ್ಬನನ್ನೇ ನೆಚ್ಚಿ, ಅವನಿಂದಲೇ ಓದಿಸಿ ಓದಿಸಿ, ಅವನು ಓದುಗನಾಗಿ ಉಳಿದಿಲ್ಲವೆಂಬುದನ್ನು ಗಮನಿಸದೆ ಹೋಗುವುದು. ಹಾಗಾದರೆ ಇಷ್ಟು ವರ್ಷ ಅವನು ಒಪ್ಪಿದ್ದಾನೆಂದು ಕಳುಹಿಸಿದ ಹಾಳೆಗಳ ಗತಿಯೇನು? ಆ ಪ್ರಶ್ನೆ ಅವರ ಮುಖದ ಮೇಲೆ ಹಾದುಹೋದದ್ದನ್ನು ನಾನು ಕಂಡೆ. ಬೇರೆಯವರಾಗಿದ್ದರೆ ಅದನ್ನು ನುಂಗಿಕೊಳ್ಳುತ್ತಿದ್ದರು. ಇವರು ಎಲ್ಲರೆದುರಿಗೆ, "ತಪ್ಪು ನಂದೇ. ಇವನ ಪರೀಕ್ಷೆ ಲೆಕ್ಕಕ್ಕಿಲ್ಲ, ಇಷ್ಟು ದಿವಸದ್ದೂ ಲೆಕ್ಕಕ್ಕಿಲ್ಲ. ನನ್ನ ಹಳೇ ಹಾಳೆಗಳನ್ನೆಲ್ಲ ಹೊಸಬರ ಹತ್ರ ಪುನಃ ಓದಿಸ್ತೇನೆ," ಎಂದರು. ಆಮೇಲೆ ಲಾವಣ್ಯಾಳ ಕಡೆ ತಿರುಗಿದರು. "ಇಲ್ಲಿ ಮೊದಲ ಸಲ ಬಂದವಳು ನೀನೊಬ್ಬಳೇ. ನೀನು ಮಾಡು. ನಿನ್ನದೇ ಹಲಗೆ."

ಸ್ವಿಚ್ಚನ್ನು ಮತ್ತೆ ಹಾಕಿದರು. ಕಿಂಡಿಗೆ ಗೋಣಿ ಮುಚ್ಚಿದರು. ಅಣವೀರಪ್ಪ ಕೆಳಗಿನ ಮಹಡಿಗೆ ಹೋಗಿ ಲಿಫ್ಟಿನ ಬಾಗಿಲು ಬಡಿಯುತ್ತ, "ಜಲ್ದೀ ಕರೋ ಭಾಯ್, ಅಂದರ್ ಬುಡ್ಢೀ ಹೈ!" ಎಂದು, ಖಾಲಿ ಲಿಫ್ಟಿನೊಳಗೆ ಮುದುಕಿಯೊಬ್ಬಳು ಸಿಕ್ಕಿಕೊಂಡಂತೆ, ಕೂಗತೊಡಗಿದ. ಲಾವಣ್ಯಾ ಮೊಬೈಲಿನ ಬೆಳಕು ಹಿಡಿದಳು. ನುಣುಪು ಹಲಗೆಯ ಮೇಲೆ ಬೆಳಕು ಬಿದ್ದು ಕಣ್ಣು ಕುಕ್ಕಿತು, ಬೂದು ಅಕ್ಷರಗಳು ಕಾಣಲಿಲ್ಲ, ನಗುವ ಸಂಸಾರ ಮಾತ್ರ ಚೆನ್ನಾಗಿ ಕಂಡಿತು. ಕಣ್ಣು ಕಿರಿದು ಮಾಡಿ ಒಂದನೆಯ ಹೆಜ್ಜೆಯನ್ನು ಹುಡುಕಿ, "ರಿಲೀಸ್ ಬ್ರೇಕ್" ಎಂದು ತನಗೆ ತಾನೇ ಹೇಳಿಕೊಂಡು, ಹಿಡಿಕೆಯತ್ತ ಕೈ ಚಾಚಿದಳು. ಮುಖ್ಯ ಸ್ವಿಚ್ಚಿನ ದೀಪ ಉರಿಯುತ್ತಲೇ ಇತ್ತು. ಹಿಡಿಕೆಗೆ ನಾಲ್ಕು ಬೆರಳು ದೂರವಿರುವಾಗ ವಿನೋದಿನಿಯವರು ಆ ಮಣಿಕಟ್ಟನ್ನು ಹಿಡಿದುಕೊಂಡರು.

ಲಾವಣ್ಯಾ ಸ್ವಿಚ್ಚಿನ ಕೆಂಪು ದೀಪವನ್ನೊಮ್ಮೆ, ತನ್ನ ಕೈಯನ್ನೊಮ್ಮೆ ನೋಡಿದಳು. ಇಳಿದು ಬರುವಾಗ ಏಳು ಮಹಡಿಯನ್ನೂ ಮೆಟ್ಟಿಲಿನಿಂದಲೇ ಇಳಿದಳು.

ಇಷ್ಟಾದ ಮೇಲೆ ಎಲ್ಲ ಸುಸೂತ್ರವಾಯಿತೆಂದು ನೀವು ತಿಳಿದರೆ ಮಾಲೀಕರೆಂಬ ಪ್ರಾಣಿಯನ್ನು ನೀವು ಕಂಡಿಲ್ಲ. ಶುಕ್ರವಾರ ಅವರ ಕೋಣೆಗೆ ನಮ್ಮ ಮೂವರನ್ನೂ ಕರೆಸಿದರು. ನೀಲಿ ಹಲಗೆಗಳು ಆಗಲೇ ಅಚ್ಚಾಗಿ ಬಂದಿದ್ದವು. ಮುಂದಿನ ವಾರ ಹೊಸ ಕಟ್ಟಡವೊಂದರ ಉದ್ಘಾಟನೆ. ಕತ್ತಲಲ್ಲಿ ಯಾರೋ ಒಂದು ಸಲ ತಡವರಿಸಿದರೆಂದು ಕಂಪನಿಯ ಮುಖವನ್ನೇ ಬದಲಿಸಲಾಗುವುದಿಲ್ಲವೆಂದು ಹಿಂದಿಯಲ್ಲಿ ದೀರ್ಘವಾಗಿ ಹೇಳಿ, ಮೂಲಪ್ರತಿಯನ್ನು ವಿನೋದಿನಿಯವರ ಮುಂದೆ ತಳ್ಳಿದರು. ಅವರು ಅದನ್ನು ಮುಟ್ಟಲಿಲ್ಲ.

"ಗೋದಾಮಿಗೆ ಹೋಗ್ತೇನೆ ಸಾಬ್," ಎಂದು ಹಿಂದಿಯಲ್ಲೇ ಹೇಳಿದರು. "ಅಲ್ಲಿಯೂ ಡಬ್ಬಿಗಳ ಮೇಲೆ ಚೀಟಿ ಬರೀಲಿಕ್ಕೆ ಇರ್ತದೆ. ಆದರೆ ಇದಕ್ಕೆ ನನ್ನ ಸಹಿ ಇಲ್ಲ. ಅದು ಹೇಗೆ ಕಾಣಬೇಕು ಅಂತ ಹೇಳುವ ಅಧಿಕಾರ ಯಾರದ್ದೋ, ಕೆಳಗೆ ಹೆಸರೂ ಅವರದ್ದೇ ಇರಲಿ."

ಮಾಲೀಕರಿಗೆ ಅದು ಸಲೀಸಾದ ದಾರಿಯೆಂದು ತೋರಿತು. ಕಾಗದವನ್ನು ಲಾವಣ್ಯಾಳ ಕಡೆ ತಿರುಗಿಸಿ ತಮ್ಮದೇ ಪೆನ್ನನ್ನು ಕೊಟ್ಟರು. ಅವಳು ತೆಗೆದುಕೊಂಡಳು. ಟೊಪ್ಪಿಗೆ ಬಿಚ್ಚಿದಳು. ಸಹಿಯ ಜಾಗದ ಮೇಲೆ ಪೆನ್ನು ಬಹಳ ಹೊತ್ತು ನಿಂತಿತು. ನಾನು ಆ ಹೊತ್ತಿನಲ್ಲಿ ವಿನೋದಿನಿಯವರನ್ನು ನೋಡಿದೆ, ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು, ಹುಡುಗಿಯ ಮೇಲೆ ತಮ್ಮ ಕಣ್ಣಿನ ಭಾರವೂ ಬೀಳಬಾರದೆಂಬಂತೆ. ಕೊನೆಗೆ ಲಾವಣ್ಯಾ ಪೆನ್ನಿಗೆ ಟೊಪ್ಪಿಗೆ ಹಾಕಿ ಮೇಜಿನ ಮೇಲಿಟ್ಟಳು.

"ಸಾರಿ ಸರ್. ಮೈ ನಹೀ ಕರೂಂಗಿ," ಎಂದಳು. ಆಮೇಲೆ, ಯಾರಿಗೆ ಹೇಳಿದಳೋ ತಿಳಿಯದು, ತಡೆತಡೆದು ಕನ್ನಡದಲ್ಲಿ: "ಅಲ್ಲಿ ಇದ್ದದ್ದು ನನ್ನ ಕೈ."

ಮಾಲೀಕರು ನನ್ನ ಕಡೆ ನೋಡಿದರು. ನಾನು, ಸಹಿ ಹಾಕಿಬಿಡಲು ಮನಸ್ಸು ಮಾಡಿದ್ದವನು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ನೀಲಿ ಹಲಗೆ ಕಾರ್ಖಾನೆಯ ಬಾಗಿಲು ದಾಟಲಿಲ್ಲ. ಹಳದಿಯದೇ ಹೋಯಿತು. ಬರೆಯಲು ಬೇರೆ ಯಾರೂ ಇಲ್ಲದ್ದರಿಂದ ವಿನೋದಿನಿಯವರು ತಮ್ಮ ಮೇಜಿನಲ್ಲೇ ಉಳಿದರು. ಆದರೆ ಅಂದಿನಿಂದ ಮಾಲೀಕರು ಅವರೊಡನೆ ಮಾತು ಬಿಟ್ಟಿದ್ದಾರೆ. "ಒಳ್ಳೇದಾಯ್ತು, ಟೈಮ್ ಉಳೀತು," ಎನ್ನುತ್ತಾರೆ ಇವರು, ಮತ್ತು ಆ ಉಳಿದ ಹೊತ್ತಿನಲ್ಲಿ ಬೊರಿವಲಿಯ ವಾಚ್‌ಮನ್‌ಗಳನ್ನು ಒಬ್ಬೊಬ್ಬರಾಗಿ ಹಿಡಿದು, ಎಂಟು ವರ್ಷದ ಹಾಳೆಗಳನ್ನು ಮೊದಲಿನಿಂದ ಓದಿಸುತ್ತಿದ್ದಾರೆ. ಈವರೆಗೆ ಮೂರು ಹಾಳೆಗಳಲ್ಲಿ ತಮ್ಮದೇ ತಪ್ಪು ಸಿಕ್ಕಿದೆಯೆಂದು ಹೇಳುವಾಗ ಅವರ ದನಿಯಲ್ಲಿ ಸಂಕೋಚದ ಸುಳಿವೂ ಇರಲಿಲ್ಲ.

ಇಂಥವರನ್ನು ಲೋಕ ಹಟಮಾರಿಗಳೆಂದು ಕರೆಯುತ್ತದೆ. ಕರೆಯಲಿ. ಅಕ್ಷರದ ಗಾತ್ರಕ್ಕೆ, ಒಂದು ಸಾಲು ಮೇಲಿರಬೇಕೋ ಕೆಳಗಿರಬೇಕೋ ಎಂಬುದಕ್ಕೆ ಇಷ್ಟೇಕೆ ಜಗಳವೆಂದು ಕೇಳುವವರು, ಆ ಸಾಲನ್ನು ಎಂದೂ ಜೀವ ಕೈಯಲ್ಲಿ ಹಿಡಿದು ಓದಿದವರಲ್ಲ. ನಾವು, ಸಾಹಿತ್ಯದವರು, ನಮ್ಮ ಹೆಸರನ್ನು ಪುಸ್ತಕದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಹಾಕಿಸಿಕೊಂಡು, ಓದಿದವನು ಏನಾದನೆಂದು ವಿಚಾರಿಸದೆ ನಿದ್ದೆ ಹೋಗುವ ಜನ. ಇವರ ಹೆಸರು ಯಾರಿಗೂ ತಿಳಿದಿರುವುದಿಲ್ಲ, ಇವರ ಪುಟವನ್ನು ಯಾರೂ ಹೊಗಳುವುದಿಲ್ಲ. ಎಲ್ಲವೂ ಸರಿಹೋದ ದಿನ ಇವರು ಇದ್ದರೆಂಬುದೇ ಯಾರ ನೆನಪಿಗೂ ಬರುವುದಿಲ್ಲ. ತಮ್ಮ ಹಾಳೆಯ ಮೇಲೆ ಇವರು ಕೇಳುವ ಒಡೆತನ ಅಲಂಕಾರದ್ದಲ್ಲ, ಅಹಂಕಾರದ್ದೂ ಅಲ್ಲ. ಮುಖ ನೋಡದ, ಹೆಸರು ಕೇಳದ ಒಬ್ಬ ಮನುಷ್ಯ ತಮ್ಮ ಮಾತನ್ನು ನಂಬಿ ಯಂತ್ರದೊಳಕ್ಕೆ ಕೈ ಇಡುತ್ತಾನೆ, ಆ ಕೈ ಇಟ್ಟ ಹಾಗೆಯೇ ಹೊರಗೆ ಬರಬೇಕು. ಅಷ್ಟಕ್ಕಾಗಿ ಮಾಲೀಕನೆದುರು ಕತ್ತು ಬಗ್ಗಿಸದೆ ನಿಲ್ಲುವುದನ್ನು ಹಟವೆನ್ನುವುದಾದರೆ, ಈ ಊರಿನ ಕತ್ತಲೆ ತುಂಬಿದ ಒಂದೊಂದು ಲಿಫ್ಟ್ ರೂಮಿಗೂ ಅಂಥ ಒಬ್ಬ ಹಟಮಾರಿ ಬೇಕು.